ಎಂಜಿಬಿ ಎಂಜಿನ್ನಿಗೆ ಜೋರು ಕೊಡುವುದು: ರಸ್ತೆಗೆ ಎಷ್ಟು, ರೇಸಿಗೆ ಎಷ್ಟು

ಹಳೇ ಅಂಬಾಸಿಡರಿನ ಬಾನೆಟ್ ಎತ್ತಿ ಆ 1489 ಸಿಸಿ ಪೆಟ್ರೋಲ್ ಎಂಜಿನ್ ನೋಡಿದವರಿಗೆ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಎಂಜಿನ್ ಹೊಸ ಮುಖ ಅನ್ನಿಸುವುದಿಲ್ಲ. ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಮನೆತನದವು. ಎರಕದ ಕಬ್ಬಿಣದ ಬ್ಲಾಕು, ಎರಕದ ಕಬ್ಬಿಣದ ಹೆಡ್ಡು (ಬ್ಲಾಕಿನ ಮೇಲಿನ, ವಾಲ್ವುಗಳಿರುವ ಭಾಗ), ಬ್ಲಾಕಿನೊಳಗೇ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟು, ಮೇಲಕ್ಕೆ ಪುಶ್‌ರಾಡು, ಕಾರ್ಬೊರೇಟರೂ ಎಕ್ಸಾಸ್ಟೂ ಒಂದೇ ಪಕ್ಕ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ ಎರಡಕ್ಕೂ 88.9 ಮಿ.ಮೀ. ಅಂಬಾಸಿಡರಿನ ಬೋರು (ಸಿಲಿಂಡರಿನ ವ್ಯಾಸ) 73 ಮಿ.ಮೀ., 1962ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿಯದು 80.26 ಮಿ.ಮೀ. ಅಲ್ಲಿ ಸುಮಾರು 55 ಅಶ್ವಶಕ್ತಿ, ಇಲ್ಲಿ 1798 ಸಿಸಿಯಿಂದ 5400 ಆರ್‌ಪಿಎಂನಲ್ಲಿ 95. ಸ್ಪೋರ್ಟ್ಸ್ ಕಾರಿನ ಎಂಜಿನ್ ಎಂದು ಕರೆದರೂ ಇದು ಮೂಲತಃ ಮನೆಮಂದಿ ಓಡಾಡುವ ಕಾರಿನ ಎಂಜಿನ್ನೇ.

ಇದನ್ನು ಇನ್ನಷ್ಟು ಜೋರು ಮಾಡಲು ಹೊರಟವರು ಹೆಚ್ಚಾಗಿ ಮಾಡುವ ತಪ್ಪು ಒಂದೇ ಬಗೆಯದು. ಮೊದಲು ಒಂದು ದೊಡ್ಡ ವೆಬರ್ ಕಾರ್ಬೊರೇಟರ್, ಆಮೇಲೆ ರೇಸಿನ ಕ್ಯಾಮ್‌ಶಾಫ್ಟ್ ತಂದು ಹಾಕುತ್ತಾರೆ. ಸದ್ದು ಚೆನ್ನಾಗಿ ಬರುತ್ತದೆ. ಆದರೆ ಐಡ್ಲಿಂಗ್ 1200ಕ್ಕಿಂತ ಕೆಳಗೆ ನಿಲ್ಲುವುದಿಲ್ಲ, ಸಿಗ್ನಲ್ಲಿನಲ್ಲಿ ಕೆಮ್ಮುತ್ತದೆ, 3000ದ ಒಳಗೆ ಪಿಕಪ್ಪೇ ಇಲ್ಲ. ಮೊದಲಿದ್ದ ಸ್ಟ್ಯಾಂಡರ್ಡ್ ಕಾರೇ ಊರೊಳಗೆ ಇದಕ್ಕಿಂತ ಮುಂದೆ ಹೋಗುತ್ತಿತ್ತು. ಕಾರಣ ಕಾರ್ಬೊರೇಟರಿನಲ್ಲೂ ಇಲ್ಲ, ಕ್ಯಾಮಿನಲ್ಲೂ ಇಲ್ಲ. ಹೆಡ್ಡಿನಲ್ಲಿದೆ.

ಇಬ್ಬರಿಗೆ ಒಂದೇ ಬಾಗಿಲು

ಬಿ-ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ಪೋರ್ಟುಗಳು ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಒಳಗೆ ಹೋದ ಮೇಲೆ ಪೋರ್ಟು ಕವಲೊಡೆದು ಎರಡು ವಾಲ್ವಿಗೆ ಹೋಗುತ್ತದೆ. ಇದರಿಂದ ಆಗುವ ತೊಡಕು ಅರ್ಥವಾದರೆ ಈ ಎಂಜಿನ್ನಿನ ಮುಕ್ಕಾಲು ಗುಟ್ಟು ತಿಳಿದಂತೆ.

ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2. ಅಂದರೆ 2ನೇ ಸಿಲಿಂಡರ್ ಗಾಳಿ ಎಳೆದು ಮುಗಿಸುತ್ತಿದ್ದಂತೆ ಅದೇ ಪೋರ್ಟಿನಿಂದ 1ನೆಯದು ಎಳೆಯಲು ಶುರುಮಾಡುತ್ತದೆ. ಆಮೇಲೆ ಎರಡು ಸರದಿ ಆ ಪೋರ್ಟಿಗೆ ಬಿಡುವು. ಆಚೆ ಪೋರ್ಟಿನಲ್ಲೂ ಹಾಗೆಯೇ, 3ರ ಬೆನ್ನಿಗೇ 4. ಸ್ಟ್ಯಾಂಡರ್ಡ್ ಕ್ಯಾಮಿನಲ್ಲಿ, ಕ್ರ್ಯಾಂಕ್ ತಿರುಗುವ ಡಿಗ್ರಿಯ ಲೆಕ್ಕದಲ್ಲಿ, ಇನ್ಲೆಟ್ (ಗಾಳಿ ಒಳಬಿಡುವ) ವಾಲ್ವ್ ಪಿಸ್ಟನ್ ತುದಿ ಮುಟ್ಟುವ 16 ಡಿಗ್ರಿ ಮೊದಲೇ ತೆರೆಯುತ್ತದೆ, ಪಿಸ್ಟನ್ ತಳ ಮುಟ್ಟಿದ 56 ಡಿಗ್ರಿಯ ನಂತರ ಮುಚ್ಚುತ್ತದೆ. ಒಟ್ಟು ತೆರೆದಿರುವುದು 252 ಡಿಗ್ರಿ. ಈಗ ಲೆಕ್ಕ ಹಾಕಿ. 2ರ ಪಿಸ್ಟನ್ ತಳದಲ್ಲಿರುವಾಗ 1ರ ಪಿಸ್ಟನ್ ತುದಿಯಲ್ಲಿರುತ್ತದೆ. 1ರ ವಾಲ್ವ್ 16 ಡಿಗ್ರಿ ಮುಂಚೆ ತೆರೆದಿದೆ, 2ರದು ಇನ್ನೂ 56 ಡಿಗ್ರಿ ತೆರೆದೇ ಇರುತ್ತದೆ. 72 ಡಿಗ್ರಿಯಷ್ಟು ಹೊತ್ತು ಎರಡೂ ಒಟ್ಟಿಗೆ ತೆರೆದಿರುತ್ತವೆ. 2ನೇ ಸಿಲಿಂಡರಿಗೆ ಕೊನೆಯ ಗುಕ್ಕು ಗಾಳಿ ತನ್ನ ವೇಗದಿಂದಲೇ ನುಗ್ಗಬೇಕಾದ ಹೊತ್ತಿನಲ್ಲಿ ಪಕ್ಕದ 1 ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಕೈಹಾಕಿದ ಹಾಗೆ.

300 ಡಿಗ್ರಿಯ ರೇಸ್ ಕ್ಯಾಮ್ ಹಾಕಿದರೆ ಈ 72 ಡಿಗ್ರಿ 120 ಆಗುತ್ತದೆ. ಕ್ಯಾಮ್ ತೆರೆದಿರುವ ಡಿಗ್ರಿಯಿಂದ 180 ಕಳೆದರೆ ಸಿಗುವುದೇ ಈ ಕದಿಯುವ ಹೊತ್ತು. ಪ್ರತಿ ಸಿಲಿಂಡರಿಗೂ ಬೇರೆ ಪೋರ್ಟಿರುವ ಆಲ್ಫಾ ರೋಮಿಯೊದಲ್ಲೋ ಲೋಟಸ್ ಟ್ವಿನ್-ಕ್ಯಾಮಿನಲ್ಲೋ ಈ ತಾಪತ್ರಯ ಇಲ್ಲ. ಆದ್ದರಿಂದ ಅವುಗಳ ಕ್ಯಾಮ್ ಅಂಕಿಗಳನ್ನು ಇಲ್ಲಿಗೆ ತಂದು ಹೊಂದಿಸಲು ಹೋದರೆ ಕೈಸುಟ್ಟುಕೊಳ್ಳುವುದೇ. ಈ ಎಂಜಿನ್ನಿಗೆ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವುದಕ್ಕಿಂತ, ತೆರೆದಿರುವ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಗಾಳಿ ಹಾಯುವಂತೆ ಹೆಡ್ಡನ್ನು ಸರಿಮಾಡುವುದು ಲಾಭ. ಮೊದಲು ಹೆಡ್ಡು, ಆಮೇಲೆ ಕ್ಯಾಮ್.

ಎಕ್ಸಾಸ್ಟಿನ ಕಡೆ ಮೂರು ಪೋರ್ಟು, ನಡುವಿನದನ್ನು 2 ಮತ್ತು 3 ಹಂಚಿಕೊಳ್ಳುತ್ತವೆ. ಆದರೆ ಅವೆರಡರ ಸರದಿಯ ನಡುವೆ ಪೂರ್ತಿ 360 ಡಿಗ್ರಿ ಅಂತರ ಇರುವುದರಿಂದ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಅಲ್ಲಿರುವ ತೊಂದರೆ ಬಿಸಿಯದು. ಎರಡು ಎಕ್ಸಾಸ್ಟ್ ವಾಲ್ವಿನ ಶಾಖ ಒಂದೇ ಕಡೆ ಸೇರುವುದರಿಂದ ಹೆಡ್ಡು ಬಿರುಕು ಬಿಡುವುದೂ ಹೆಚ್ಚಾಗಿ ಆ ನಡುವಿನ ಜಾಗದಲ್ಲೇ.

ಕೈಹಾಕುವ ಮುಂಚೆ

ಯಾವ ಬ್ಲಾಕು ನಿಮ್ಮದು ಎಂದು ತಿಳಿಯಬೇಕು. 1964ರ ಶರತ್ಕಾಲದವರೆಗಿನ 18ಜಿ, 18ಜಿಎ ಎಂಜಿನ್ನುಗಳಲ್ಲಿ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗು. ಅಲ್ಲಿಂದ ಮುಂದಿನ 18ಜಿಬಿ ಮತ್ತು ನಂತರದವುಗಳಲ್ಲಿ ಐದು. ಮೂರು ಬೇರಿಂಗಿನದು ತಿರುಗಲು ಹಗುರ, ಆದರೆ ಹೆಚ್ಚು ಆರ್‌ಪಿಎಂನಲ್ಲಿ ಕ್ರ್ಯಾಂಕ್ ಬಾಗುತ್ತದೆ. ರಸ್ತೆಯ ಕಾರಿಗೆ ಸಾಕು, ರೇಸಿಗೆ ಐದರದೇ ಲೇಸು. ಕನೆಕ್ಟಿಂಗ್ ರಾಡುಗಳಲ್ಲೂ ವ್ಯತ್ಯಾಸವಿದೆ. ಹಳೆಯವುಗಳ ಬಿಗ್ ಎಂಡ್ (ಕ್ರ್ಯಾಂಕ್ ಹಿಡಿಯುವ ತುದಿ) ಓರೆಯಾಗಿ ಸೀಳಿದ್ದು, ತೂಕ ಹೆಚ್ಚು. ನಂತರದವು ನೇರ ಸೀಳಿನವು, ಹಗುರ. ಜೋರು ಎಂಜಿನ್ನಿಗೆ ಎರಡನೆಯವನ್ನೇ ಹುಡುಕಬೇಕು.

ಎಂಜಿನ್ ಬಿಚ್ಚುವ ಮುಂಚೆ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಅಳೆಯಿರಿ. ಎಂಜಿನ್ ಬಿಸಿಯಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ನಾಲ್ಕರ ನಡುವೆ 10%ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಜೋರು ಮಾಡುವ ಮಾತು ಆಮೇಲೆ, ಮೊದಲು ರಿಪೇರಿ. ಆಯಿಲ್ ಪ್ರೆಶರ್ ಬಿಸಿ ಎಂಜಿನ್ನಿನಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ ಇರಬೇಕು. 40ರ ಆಸುಪಾಸು ಇದ್ದರೆ ಬೇರಿಂಗುಗಳು ಸವೆದಿವೆ. ಸವೆದ ಕೆಳಭಾಗದ ಮೇಲೆ ಜೋರು ಹೆಡ್ಡು ಕೂರಿಸುವುದು ಹಳೇ ಗೋಡೆಯ ಮೇಲೆ ಮಾಳಿಗೆ ಎತ್ತಿದ ಹಾಗೆ.

ಹೆಡ್ಡಿನ ಕೆಲಸ

ಎಂಜಿಬಿಯ ಆರಂಭದ ಹೆಡ್ಡಿನಲ್ಲಿ ಇನ್ಲೆಟ್ ವಾಲ್ವ್ 39.7 ಮಿ.ಮೀ., ಎಕ್ಸಾಸ್ಟ್ 34.1 ಮಿ.ಮೀ. 70ರ ದಶಕದ ಆರಂಭದ 18ವಿ ಎಂಜಿನ್ನುಗಳಿಗೆ ಕಾರ್ಖಾನೆಯೇ 41.3 ಮಿ.ಮೀ. ಇನ್ಲೆಟ್ ಕೊಟ್ಟಿತು. 12ಎಚ್2923 ಎಂಬ ಎರಕದ ಸಂಖ್ಯೆಯ ಹೆಡ್ಡಿಗೆ ಅದಕ್ಕೇ ಬೇಡಿಕೆ. ಹಳೇ ಹೆಡ್ಡಿದ್ದರೆ ಅದಕ್ಕೂ ಈ 41.3ರ ವಾಲ್ವ್ ಕೂರಿಸಬಹುದು. ರಸ್ತೆಗೆ ಇದಕ್ಕಿಂತ ದೊಡ್ಡದು ಬೇಡ.

ಬಿ-ಸೀರೀಸಿನ ದಹನ ಕೋಣೆ ಮೇಲಿನಿಂದ ನೋಡಿದರೆ ಹೃದಯದ ಆಕಾರ. ಎರಡು ವಾಲ್ವಿನ ನಡುವೆ ಹಕ್ಕಿಯ ಕೊಕ್ಕಿನಂತೆ ಒಂದು ಚಾಚು ಒಳಬಂದಿರುತ್ತದೆ. ಬ್ರಿಟಿಷ್ ಎಂಜಿನಿಯರ್ ಹ್ಯಾರಿ ವೆಸ್ಲೇಕ್ ರೂಪಿಸಿದ ಈ ಆಕಾರದಲ್ಲಿ ಆ ಕೊಕ್ಕು ಒಳಬರುವ ಗಾಳಿಗೆ ಸುಳಿ ಕೊಡುತ್ತದೆ, ಬೆಂಕಿ ಬೇಗ ಹರಡುತ್ತದೆ. ಉತ್ಸಾಹದಲ್ಲಿ ಗ್ರೈಂಡರ್ ಹಿಡಿದು ಕೊಕ್ಕನ್ನು ಪೂರ್ತಿ ತೆಗೆದವರ ಎಂಜಿನ್ ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಬಡಿಯುವುದು) ಶುರುಮಾಡುತ್ತದೆ, ಕಂಪ್ರೆಷನ್ನೂ ಕಳೆದುಹೋಗುತ್ತದೆ. ಕೊಕ್ಕಿನ ಚೂಪು ಅಂಚು ಮೃದುಮಾಡಿ, ವಾಲ್ವಿಗೆ ತೀರಾ ಒತ್ತಿಕೊಂಡಿರುವ ಗೋಡೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಸಾಕು. ಹೆಡ್ ಗ್ಯಾಸ್ಕೆಟ್ಟಿನ ಗೆರೆಯನ್ನು ಯಾವ ಕಾರಣಕ್ಕೂ ದಾಟಬಾರದು. ಹೆಡ್ಡಿನ ಮೇಲೆ ಗ್ಯಾಸ್ಕೆಟ್ ಇಟ್ಟು ಮೊಳೆಯಿಂದ ಗೆರೆ ಎಳೆದುಕೊಂಡೇ ಕೆಲಸ ಶುರುಮಾಡಬೇಕು.

ಗಾಳಿ ಹಾಯುವುದನ್ನು ನಿಜವಾಗಿ ಹೆಚ್ಚಿಸುವ ಜಾಗ ಪೋರ್ಟಿನ ಬಾಯಲ್ಲ, ವಾಲ್ವ್ ಸೀಟಿನ ಕೆಳಗಿನ ಒಂದು ಅಂಗುಲ. ಕಾರ್ಖಾನೆಯ ಎರಕದಲ್ಲಿ ಸೀಟಿನ ಕೆಳಗೆ ಮೆಟ್ಟಿಲಿನಂತೆ ಒಂದು ಅಂಚು ಉಳಿದಿರುತ್ತದೆ. ಅದನ್ನು ತೆಗೆದು, ಕಂಠದ ವ್ಯಾಸವನ್ನು ವಾಲ್ವಿನ ವ್ಯಾಸದ ಸುಮಾರು 87%ಗೆ ತರಬೇಕು. 41.3ರ ವಾಲ್ವಿಗೆ ಅದು 36 ಮಿ.ಮೀ. ಸೀಟಿಗೆ ಮೂರು ಕೋನ ಕೊಡಿ. ಮೇಲೆ 30 ಡಿಗ್ರಿ, ವಾಲ್ವ್ ಕೂರುವಲ್ಲಿ 45, ಕೆಳಗೆ 60. ಕೂರುವ ಪಟ್ಟಿಯ ಅಗಲ ಇನ್ಲೆಟ್ಟಿಗೆ 1.5 ಮಿ.ಮೀ., ಎಕ್ಸಾಸ್ಟಿಗೆ 2 ಮಿ.ಮೀ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ಬಿಟ್ಟುಕೊಡುವುದು ಮುಖ್ಯವಾಗಿ ಆ ಪಟ್ಟಿಯ ಮೂಲಕ. ರೇಸಿನ ಹೆಸರಲ್ಲಿ ಅದನ್ನು ತೀರಾ ಕಿರಿದು ಮಾಡಿದರೆ ವಾಲ್ವ್ ಸುಡುತ್ತದೆ.

ಪೋರ್ಟನ್ನು ದೊಡ್ಡದು ಮಾಡುವಾಗ ಗೋಡೆಯ ಆಚೆ ನೀರಿದೆ ಎಂಬುದು ನೆನಪಿರಲಿ. ತಿರುವಿನ ಒಳಬದಿಯಲ್ಲಿ ಲೋಹ ತೆಗೆಯಬೇಡಿ, ಗಾಳಿ ಅಲ್ಲಿ ಗೋಡೆ ಬಿಟ್ಟು ಹಾರುತ್ತದೆ. ಹೊರಬದಿಯಲ್ಲಿ ಮಾತ್ರ ಮಿತವಾಗಿ ತೆಗೆಯಿರಿ. ಎರಡು ಸಿಲಿಂಡರಿಗೆ ಕವಲೊಡೆಯುವಲ್ಲಿನ ನಡುಗೋಡೆಯ ಮೂಗನ್ನು ಮೊಂಡಾಗಿ ಬಿಡದೆ ದುಂಡಗೆ ತೆಳುಮಾಡಿ, ಆದರೆ ಹಿಂದಕ್ಕೆ ಕತ್ತರಿಸಬೇಡಿ. ಇನ್ಲೆಟ್ಟಿಗೆ ಕನ್ನಡಿಯಂಥ ಪಾಲಿಷ್ ಬೇಡ, 80 ನಂಬರಿನ ಎಮರಿ ಒರಟು ಸಾಕು. ನುಣುಪು ಗೋಡೆಯ ಮೇಲೆ ಪೆಟ್ರೋಲ್ ಹನಿಗಳು ಅಂಟಿ ಹರಿಯುತ್ತವೆ.

ಸೀಟಿನ ಮಾತು ಬಂದಾಗ ಪೆಟ್ರೋಲಿನದೂ ಹೇಳಬೇಕು. ಆ ಕಾಲದ ಪೆಟ್ರೋಲಿನಲ್ಲಿದ್ದ ಸೀಸ ಎಕ್ಸಾಸ್ಟ್ ಸೀಟಿಗೆ ತೆಳು ಲೇಪವಾಗಿ ಅದನ್ನು ಕಾಯುತ್ತಿತ್ತು. ಬ್ರಿಟನ್ನಿನಲ್ಲೂ ಭಾರತದಲ್ಲೂ 2000ನೇ ಇಸವಿಯ ಹೊತ್ತಿಗೆ ಸೀಸದ ಪೆಟ್ರೋಲ್ ನಿಂತಿತು. ಈಗ ಹೆಚ್ಚು ವೇಗದಲ್ಲಿ ಓಡಿಸಿದರೆ ಸೀಟೇ ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ. ಗುರುತು ಸುಲಭ, ಎಕ್ಸಾಸ್ಟಿನ ಟ್ಯಾಪೆಟ್ ಗ್ಯಾಪ್ ಪ್ರತಿ ಸಲ ಕಡಿಮೆಯಾಗುತ್ತಾ ಹೋಗುತ್ತದೆ. ಹೆಡ್ಡು ಕೈಲಿರುವಾಗಲೇ ಎಕ್ಸಾಸ್ಟಿಗೆ ಗಟ್ಟಿ ಲೋಹದ ಸೀಟ್ ರಿಂಗುಗಳನ್ನು ಕೂರಿಸಿಬಿಡಿ. ಆದರೆ ಅದಕ್ಕೂ ಮುಂಚೆ ಬಿರುಕು ಪರೀಕ್ಷೆ. ಬಿರುಕಿರುವ ಹೆಡ್ಡಿಗೆ ಇಷ್ಟೆಲ್ಲ ಕೆಲಸ ಮಾಡಿಸಿ ಕೊನೆಗೆ ಗುಜರಿಗೆ ಹಾಕಿದವರು ಕಡಿಮೆಯಿಲ್ಲ.

ಕಂಪ್ರೆಷನ್ ಲೆಕ್ಕ

ಇಲ್ಲಿ ಅಂದಾಜು ನಡೆಯುವುದಿಲ್ಲ. ಒಂದು ಉದಾಹರಣೆ ಹಿಡಿದೇ ನೋಡೋಣ. ಬ್ಲಾಕನ್ನು 60 ಥೌ (ಇಂಚಿನ ಸಾವಿರದ ಪಾಲು), ಅಂದರೆ 1.52 ಮಿ.ಮೀ. ಓವರ್‌ಸೈಜಿಗೆ ಬೋರ್ ಮಾಡಿಸಿದ್ದೀರಿ. ಬೋರು 81.79 ಮಿ.ಮೀ. ಆಯಿತು, ಒಂದೊಂದು ಸಿಲಿಂಡರಿಗೆ 467 ಸಿಸಿ, ಒಟ್ಟು 1868. ರಸ್ತೆಗೆ 9.5ಕ್ಕೆ 1ರ ಕಂಪ್ರೆಷನ್ ಬೇಕು, ಅಂದರೆ ಪಿಸ್ಟನ್ ತಳದಲ್ಲಿರುವಾಗಿನ ಜಾಗ ತುದಿಯಲ್ಲಿರುವಾಗಿನದರ 9.5 ಪಟ್ಟು. 9.5ರಿಂದ 1 ಕಳೆದು, ಉಳಿದ 8.5ರಿಂದ 467ನ್ನು ಭಾಗಿಸಿದರೆ 54.9 ಸಿಸಿ. ಪಿಸ್ಟನ್ ತುದಿಯಲ್ಲಿರುವಾಗ ಅದರ ಮೇಲೆ ಉಳಿಯಬೇಕಾದ ಒಟ್ಟು ಜಾಗ ಇಷ್ಟು.

ಇದರಲ್ಲಿ ಹೆಡ್ಡಿನ ಪಾಲು ಎಷ್ಟು? ಒತ್ತಿದ ಮೇಲೆ 0.8 ಮಿ.ಮೀ. ದಪ್ಪ ಉಳಿಯುವ, 84 ಮಿ.ಮೀ. ತೂತಿನ ಗ್ಯಾಸ್ಕೆಟ್ 4.4 ಸಿಸಿ ತಿನ್ನುತ್ತದೆ. ಪಿಸ್ಟನ್ ಬ್ಲಾಕಿನ ಮುಖಕ್ಕಿಂತ ಅರ್ಧ ಮಿ.ಮೀ. ಕೆಳಗೆ ನಿಲ್ಲುತ್ತಿದ್ದರೆ ಅದು 2.6 ಸಿಸಿ. ಪಿಸ್ಟನ್ ತಲೆಯ ಬಟ್ಟಲು 6.5 ಸಿಸಿ ಎಂದುಕೊಳ್ಳಿ. ಮೂರನ್ನೂ ಕಳೆದರೆ ಹೆಡ್ಡಿನ ಕೋಣೆ 41.4 ಸಿಸಿ ಇರಬೇಕು. ಈ ಮೂರು ಅಂಕಿಗಳನ್ನು ಯಾರದೋ ಪಟ್ಟಿಯಿಂದ ತೆಗೆದುಕೊಳ್ಳದೆ ನಿಮ್ಮ ಎಂಜಿನ್ನಿನಲ್ಲೇ ಅಳೆಯಬೇಕು. ಪಿಸ್ಟನ್ ತಯಾರಕರು ಬದಲಾದಂತೆ ಬಟ್ಟಲಿನ ಆಳವೂ ಬದಲಾಗುತ್ತದೆ.

ಹೆಡ್ಡನ್ನು ಎಷ್ಟು ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ಮುಖದಿಂದ ಎಷ್ಟು ಲೋಹ ತೆಗೆಸಬೇಕು ಎಂದು ತಿಳಿಯಲು ಒಂದು ಉಪಾಯ. ವಾಲ್ವು, ಪ್ಲಗ್ಗು ಹಾಕಿದ ಹೆಡ್ಡನ್ನು ಮಗುಚಿ ಸಮಮಟ್ಟಕ್ಕೆ ಇಡಿ. ಬ್ಯುರೆಟ್ಟಿನಿಂದ ಸರಿಯಾಗಿ 41.4 ಸಿಸಿ ಸೀಮೆಎಣ್ಣೆ ಕೋಣೆಗೆ ಬಿಡಿ. ಎಣ್ಣೆಯ ಮೇಲ್ಮೈಗೂ ಹೆಡ್ಡಿನ ಮುಖಕ್ಕೂ ನಡುವಿನ ಅಂತರವನ್ನು ಡೆಪ್ತ್ ಗೇಜಿನಿಂದ ಅಳೆದರೆ ಅದೇ ತೆಗೆಯಬೇಕಾದ ಲೋಹ. ನಾಲ್ಕು ಕೋಣೆಗಳಲ್ಲಿ ಅತಿ ದೊಡ್ಡದರ ಲೆಕ್ಕ ಹಿಡಿದು ಫೇಸಿಂಗ್ ಮಾಡಿಸಿ, ಉಳಿದ ಮೂರೂ ಆಗ ಸ್ವಲ್ಪ ಚಿಕ್ಕದಾಗೇ ಉಳಿಯುತ್ತವೆ. ಚಿಕ್ಕ ಕೋಣೆಗಳಿಂದ ಚೂರುಚೂರೇ ಲೋಹ ಕೆರೆದು ಅತಿ ದೊಡ್ಡದಕ್ಕೆ ಸಮ ಮಾಡಿ. ನಾಲ್ಕೂ ಅರ್ಧ ಸಿಸಿಯೊಳಗೆ ಹೊಂದಿದರೆ ಚೆನ್ನು.

ರಸ್ತೆಗೆ 9.5ರ ಸುತ್ತಮುತ್ತ ನಿಲ್ಲಿಸುವುದು ಜಾಣತನ. ರೇಸಿಗೆ 11 ಅಥವಾ ತುಸು ಹೆಚ್ಚು, ಅದಕ್ಕೆ ಒಳ್ಳೆಯ ಆಕ್ಟೇನಿನ ಪೆಟ್ರೋಲ್ ಬೇಕು. ದೀರ್ಘ ಕ್ಯಾಮಿನಲ್ಲಿ ಇನ್ಲೆಟ್ ತಡವಾಗಿ ಮುಚ್ಚುವುದರಿಂದ ಕಡಿಮೆ ವೇಗದಲ್ಲಿ ಒತ್ತಡ ತಾನಾಗಿ ಇಳಿಯುತ್ತದೆ, ಹಾಗಾಗಿ ಅಂಥ ಎಂಜಿನ್ 11ನ್ನು ತಾಳುತ್ತದೆ. ಸ್ಟ್ಯಾಂಡರ್ಡ್ ಕ್ಯಾಮಿಟ್ಟುಕೊಂಡು 11 ಮಾಡಿದರೆ ನಾಕಿಂಗಿನಲ್ಲಿ ಪಿಸ್ಟನ್ನಿನ ರಿಂಗ್ ಪಟ್ಟಿ ಒಡೆಯುವುದು ನಿಶ್ಚಿತ.

ಬೋರನ್ನು 83.5 ಮಿ.ಮೀ.ವರೆಗೆ ಹಿಗ್ಗಿಸಿ 1950 ಸಿಸಿ ಮಾಡುವ ದಾರಿಯೂ ಇದೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೆಚ್ಚುತ್ತದೆ, ರಸ್ತೆಗೆ ಇದಕ್ಕಿಂತ ಸುಖದ ಬದಲಾವಣೆ ಇಲ್ಲ. ಎರಕದ ವೇಳೆ ಕೋರ್ ಸರಿದಿದ್ದರೆ ಗೋಡೆ ಒಂದು ಕಡೆ ತೀರಾ ತೆಳ್ಳಗಾಗುವ ಅಪಾಯವಿರುವುದರಿಂದ ಅಲ್ಟ್ರಾಸೋನಿಕ್ ಅಳತೆ ಮಾಡಿಸದೆ ಲೇತಿಗೆ ಕಳಿಸಬೇಡಿ.

ಕ್ಯಾಮ್: ದಾರಿ ಕವಲೊಡೆಯುವುದು ಇಲ್ಲಿ

ರಸ್ತೆಯ ಕಾರಿಗೆ 270 ಡಿಗ್ರಿ ಆಸುಪಾಸಿನದು ಒಳ್ಳೆಯ ಹೊಂದಾಣಿಕೆ. ಐಡ್ಲಿಂಗ್ 800–900ಕ್ಕೆ ನಿಲ್ಲುತ್ತದೆ, 2000ದಿಂದಲೇ ಎಳೆಯುತ್ತದೆ. 285 ಹಾಕಿದರೆ ಹೈವೇಯಲ್ಲಿ ಮಜಾ, ಊರೊಳಗೆ ಕಿರಿಕಿರಿ. 300 ಮತ್ತು ಮೇಲಿನದು ರೇಸಿಗಷ್ಟೇ. 3500ರ ಕೆಳಗೆ ಅದು ಕಾರನ್ನು ಓಡಿಸುವುದಲ್ಲ, ಸಹಿಸಿಕೊಳ್ಳುವುದು. ಒಳ್ಳೆಯ ಹೆಡ್ಡು, 9.5ರ ಕಂಪ್ರೆಷನ್ನು, 270ರ ಕ್ಯಾಮು ಸೇರಿದರೆ ಫ್ಲೈವೀಲಿನಲ್ಲಿ 115ರಿಂದ 125 ಅಶ್ವಶಕ್ತಿ ನಿರೀಕ್ಷಿಸಬಹುದು. ಸ್ಟ್ಯಾಂಡರ್ಡ್ ಹೆಡ್ಡಿನ ಮೇಲೆ 285ರ ಕ್ಯಾಮಿನಿಂದ ಅಷ್ಟು ಬರುವುದಿಲ್ಲ.

ಹೊಸ ಕ್ಯಾಮಿಗೆ ಹೊಸ ಟ್ಯಾಪೆಟ್ ಬಟ್ಟಲುಗಳು ಕಡ್ಡಾಯ. ಹಳೆಯವು ಹಳೇ ಕ್ಯಾಮಿನ ಸವೆತಕ್ಕೆ ಒಗ್ಗಿಕೊಂಡಿರುತ್ತವೆ, ಹೊಸ ಕ್ಯಾಮಿನ ಮೂಗನ್ನು ಅರ್ಧ ಗಂಟೆಯಲ್ಲಿ ತಿಂದುಹಾಕುತ್ತವೆ. ಟೈಮಿಂಗ್ ಚೈನು ಹಳೇ ಎಂಜಿನ್ನುಗಳಲ್ಲಿದ್ದಂತೆ ಎರಡು ಸಾಲಿನದಿರಲಿ. 18ವಿಯಲ್ಲಿ ಒಂದೇ ಸಾಲಿಗೆ ಇಳಿಸಿದ್ದು ಕಾರ್ಖಾನೆಯ ಉಳಿತಾಯ, ಗಟ್ಟಿ ಸ್ಪ್ರಿಂಗಿಗೆ ಅದು ತಾಳುವುದಿಲ್ಲ.

ಸ್ಪ್ರಾಕೆಟ್ಟಿನ ಚುಕ್ಕಿಗೆ ಚುಕ್ಕಿ ಹೊಂದಿಸಿ ಮುಚ್ಚಿಬಿಟ್ಟರೆ ಕೆಲಸ ಅರ್ಧವಾಯಿತು ಅಷ್ಟೇ. ಕೀಲಿ, ಸ್ಪ್ರಾಕೆಟ್, ಕ್ಯಾಮ್ ಎಲ್ಲದರಲ್ಲಿನ ಸಣ್ಣ ಸಣ್ಣ ತಪ್ಪು ಕೂಡಿ ನಾಲ್ಕೈದು ಡಿಗ್ರಿ ಆಚೀಚೆ ಆಗುವುದು ಮಾಮೂಲು. ಕ್ರ್ಯಾಂಕಿನ ಮೂತಿಗೆ ಡಿಗ್ರಿ ಚಕ್ರ ಕಟ್ಟಿ, 1ನೇ ಸಿಲಿಂಡರಿನ ಪಿಸ್ಟನ್ನಿಗೆ ತಡೆ ಇಟ್ಟು ಎರಡು ದಿಕ್ಕಿನಿಂದಲೂ ತಿರುಗಿಸಿ ನಿಜವಾದ ತುದಿ ಎಲ್ಲಿದೆ ಎಂದು ಗುರುತಿಸಿ. ಆಮೇಲೆ ಇನ್ಲೆಟ್ ವಾಲ್ವಿನ ಮೇಲೆ ಡಯಲ್ ಗೇಜ್ ಇಡಿ. ವಾಲ್ವ್ ಪೂರ್ತಿ ತೆರೆದ ಬಿಂದುವನ್ನು ನೇರವಾಗಿ ಓದಲು ಹೋಗಬೇಡಿ, ಅಲ್ಲಿ ಮುಳ್ಳು ಹಲವು ಡಿಗ್ರಿ ಅಲ್ಲಾಡದೆ ನಿಂತಿರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ, ಪೂರ್ತಿ ತೆರೆಯಲು 0.1 ಮಿ.ಮೀ. ಬಾಕಿಯಿರುವಲ್ಲಿ ಒಂದು ಓದು, ದಾಟಿ 0.1 ಮಿ.ಮೀ. ಇಳಿದಲ್ಲಿ ಇನ್ನೊಂದು. ಎರಡರ ನಡುವಿನದೇ ನಿಜವಾದ ಶಿಖರ. ಸ್ಟ್ಯಾಂಡರ್ಡ್ ಕ್ಯಾಮಿನಲ್ಲಿ ಅದು ತುದಿ ದಾಟಿದ 110 ಡಿಗ್ರಿಗೆ ಬರಬೇಕು. ಜೋರು ಕ್ಯಾಮುಗಳಿಗೆ ತಯಾರಕರು ಕೊಡುವುದು ಹೆಚ್ಚಾಗಿ 106ರಿಂದ 110ರೊಳಗೆ. ವ್ಯತ್ಯಾಸ ಕಂಡರೆ ಓರೆ ಕೀಲಿ ಹಾಕಿ ಸರಿಪಡಿಸಿ. ಯಾವಾಗಲೂ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಓದಬೇಕು, ಇಲ್ಲದಿದ್ದರೆ ಚೈನಿನ ಸಡಿಲವೂ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ಹೆಡ್ಡು ಫೇಸಿಂಗ್ ಆಗಿದ್ದರೆ, ಕ್ಯಾಮಿನ ಎತ್ತರವೂ ಹೆಚ್ಚಿದ್ದರೆ ಮೂರು ಕಡೆ ಗ್ಯಾಪ್ ನೋಡಲೇಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುತ್ತುಗಳ ನಡುವೆ ಒಟ್ಟು 1.5 ಮಿ.ಮೀ. ಉಳಿದಿರಬೇಕು. ವಾಲ್ವ್ ಬ್ಲಾಕಿನ ಅಂಚಿಗೆ ತಾಗುತ್ತದೆಯೇ ಎಂದು ಬ್ಲಾಕಿನ ಮೇಲೆ ಜೇಡಿಮಣ್ಣಿನಂಥ ಪ್ಲಾಸ್ಟಿಸಿನ್ ಇಟ್ಟು, ಹೆಡ್ಡು ಬಿಗಿದು ಎರಡು ಸುತ್ತು ತಿರುಗಿಸಿ, ಬಿಚ್ಚಿ ಉಳಿದ ದಪ್ಪ ಅಳೆಯಿರಿ. ಅಲ್ಲೂ 1.5 ಮಿ.ಮೀ. ಬೇಕು. ಮೂರನೆಯದು ರಾಕರ್. ಹೆಡ್ಡು ಕೆಳಗಿಳಿದಂತೆ ಪುಶ್‌ರಾಡ್ ಉದ್ದವಾದ ಹಾಗೆ. ರಾಕರಿನ ತುದಿ ವಾಲ್ವಿನ ನಡುವನ್ನು ಬಿಟ್ಟು ಪಕ್ಕಕ್ಕೆ ಒತ್ತಿದರೆ ಗೈಡ್ ಓರೆ ಸವೆಯುತ್ತದೆ. ರಾಕರ್ ಕಂಬಗಳ ಕೆಳಗೆ ತೆಗೆದಷ್ಟೇ ದಪ್ಪದ ಶಿಮ್ ಇಟ್ಟು ಎತ್ತಿ.

ಕಾರ್ಬೊರೇಟರ್, ಎಕ್ಸಾಸ್ಟ್, ಕಿಡಿ

ಒಂದೂವರೆ ಇಂಚಿನ ಎರಡು ಎಸ್‌ಯು ಎಚ್‌ಎಸ್4 ಕಾರ್ಬೊರೇಟರುಗಳು ರಸ್ತೆಯ 120 ಅಶ್ವಶಕ್ತಿಯವರೆಗೂ ಸಾಕು. ಅವುಗಳನ್ನು ಕಿತ್ತುಹಾಕುವ ಅವಸರ ಬೇಡ. ಸ್ಪಿಂಡಲ್ ಸವೆದಿದ್ದರೆ ಬುಷ್ ಹಾಕಿಸಿ, ಒಳ್ಳೆಯ ಏರ್ ಫಿಲ್ಟರಿನೊಳಗೆ ದುಂಡು ಬಾಯಿಯ ತುತ್ತೂರಿ ಇಡಿ, ಹೆಡ್ಡಿಗೆ ತಕ್ಕಂತೆ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸೂಜಿ ಬದಲಿಸಿ. ತುತ್ತೂರಿ ಇಲ್ಲದ ತೆರೆದ ಫಿಲ್ಟರಿನಿಂದ ಗಾಳಿ ಹೆಚ್ಚುವ ಬದಲು ಕಡಿಮೆಯಾಗುವುದುಂಟು. ಎಕ್ಸಾಸ್ಟ್ ಕೂಡ ಅಷ್ಟೇ. ಎಂಜಿಬಿಯ ಎರಕದ ಮ್ಯಾನಿಫೋಲ್ಡು ಆ ಕಾಲಕ್ಕೆ ಅಚ್ಚರಿ ಅನ್ನಿಸುವಷ್ಟು ಚೆನ್ನಾಗಿದೆ. ನಡುವಿನ ಕೊಳವೆ ಉದ್ದವಿರುವ ಮೂರು ಕೊಳವೆಯ ಸ್ಟೀಲ್ ಮ್ಯಾನಿಫೋಲ್ಡಿನಿಂದ ರೇಸಿಗೆ ಲಾಭವಿದೆ, ರಸ್ತೆಗೆ ಸದ್ದೇ ಹೆಚ್ಚು.

ರೇಸಿನಲ್ಲಿ ವಾಡಿಕೆಯಿರುವುದು ಒಂದೇ ಒಂದು ವೆಬರ್ 45 ಡಿಸಿಒಇ. ಅದರ ಎರಡು ಬಾಯಿ ಎರಡು ಪೋರ್ಟಿಗೆ. ಎಂಜಿಬಿಯ ಕಾರ್ಖಾನೆ ತಂಡವೂ ಹೀಗೇ ಮಾಡಿತ್ತು. 1963ರ ಲೆ ಮಾನ್ಸ್ 24 ಗಂಟೆಯಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಮತ್ತು ಅಲನ್ ಹಚಿಸನ್ ಓಡಿಸಿದ ಎಂಜಿಬಿ ಮುಲ್ಸಾನಿನ ಮರಳಿನಲ್ಲಿ ಸಿಕ್ಕಿಬಿದ್ದು ಗಂಟೆಗೂ ಹೆಚ್ಚು ಹೊತ್ತು ಕಳೆದುಕೊಂಡರೂ ಒಟ್ಟಾರೆ 12ನೆಯದಾಗಿ ಮುಗಿಸಿ ತನ್ನ ವರ್ಗವನ್ನು ಗೆದ್ದಿತು. ವೆಬರಿನ ಒಳಗಿನ ಚೋಕ್ (ಗಾಳಿ ಹಾಯುವ ಕಿರಿದು ಕಂಠ) 36 ಮಿ.ಮೀ.ನಿಂದ ಶುರುಮಾಡಿ. ಜೆಟ್ಟುಗಳನ್ನು ರೋಲಿಂಗ್ ರೋಡಿನ (ಕಾರಿನ ಚಕ್ರಗಳನ್ನು ಉರುಳೆಯ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರಿಟ್ಟೇ ಆರಿಸಬೇಕು. ಪೂರ್ತಿ ಒತ್ತಿದಾಗ ಗಾಳಿ-ಪೆಟ್ರೋಲ್ ಅನುಪಾತ 12.6ರಿಂದ 12.9ರ ನಡುವೆ ಬರಲಿ.

ಎಥನಾಲ್ ಬೆರೆತ ಪೆಟ್ರೋಲಿಗೆ ಈ ಅಂಕಿಗಳು ಸರಿಯುತ್ತವೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ 10% ಎಥನಾಲಿನದಕ್ಕೆ ಸುಮಾರು 14.1, ಈಗ ಭಾರತದ ಬಂಕುಗಳಲ್ಲಿ ಸಿಗುವ 20%ನದಕ್ಕೆ ಸುಮಾರು 13.5. ಹಳೇ ಸೂಜಿಯನ್ನೇ ಬಿಟ್ಟರೆ ಮಿಶ್ರಣ ಸುಮಾರು 8% ತೆಳುವಾಯಿತು. ಎಂಜಿನ್ ಬಿಸಿಯಾಗುತ್ತದೆ, ತೆಳು ಮಿಶ್ರಣದಲ್ಲಿ ಕೆಮ್ಮುತ್ತದೆ. ಹಳೇ ರಬ್ಬರ್ ಪೈಪುಗಳೂ ಒಳಗಿನಿಂದ ಕರಗಿ ಜೆಟ್ಟಿಗೆ ಕಸ ಕಟ್ಟುತ್ತವೆ. ಎಥನಾಲ್ ತಾಳುವ ಪೈಪನ್ನೇ ಹಾಕಿ. ಕಾರ್ಬೊರೇಟರಿನ ಕೆಳಗೇ ಎಕ್ಸಾಸ್ಟ್ ಇರುವ ಎಂಜಿನ್ನಿನಲ್ಲಿ ಪೈಪು ಸೋರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ಕಾರಣಕ್ಕೆ ನಡುವಿನ ತಗಡಿನ ಶಾಖತಡೆಯನ್ನು ಹಗುರ ಮಾಡುವ ಹೆಸರಲ್ಲಿ ತೆಗೆಯಬಾರದು.

ಕಿಡಿಯ ಮಟ್ಟಿಗೆ, ಪೂರ್ತಿ ಅಡ್ವಾನ್ಸ್ (ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಎಂಬುದು) 32ರಿಂದ 34 ಡಿಗ್ರಿಯಲ್ಲಿ ನಿಲ್ಲಬೇಕು. ಸವೆದ ಲ್ಯೂಕಾಸ್ ಡಿಸ್ಟ್ರಿಬ್ಯೂಟರಿನ ಸ್ಪ್ರಿಂಗು ಸಡಿಲಾಗಿ ಅದು ಬೇಗ ಬಂದುಬಿಡುತ್ತದೆ, ಇಲ್ಲವೇ ಹೆಚ್ಚಾಗುತ್ತದೆ. ಐಡ್ಲಿಂಗಿನಲ್ಲಿ ಟೈಮಿಂಗ್ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳದೆ 4000ದಲ್ಲಿ ಸ್ಟ್ರೋಬ್ ಲೈಟ್ ಬಿಟ್ಟು ನೋಡಿ. ಪ್ಲಗ್ಗು ರಸ್ತೆಗೆ ಎನ್‌ಜಿಕೆ ಬಿಪಿ6ಇಎಸ್, ರೇಸಿಗೆ ಒಂದೆರಡು ಮೆಟ್ಟಿಲು ತಂಪಿನದು.

ಕೆಳಭಾಗ ಎಷ್ಟು ತಾಳುತ್ತದೆ

88.9 ಮಿ.ಮೀ. ಉದ್ದ ಸ್ಟ್ರೋಕು. 6000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.8 ಮೀಟರ್, 7000ದಲ್ಲಿ 20.7. ವೇಗ 17% ಏರಿದರೆ ರಾಡಿನ ಮೇಲಿನ ಎಳೆತ ವರ್ಗದ ಲೆಕ್ಕದಲ್ಲಿ 36% ಏರುತ್ತದೆ. ರಸ್ತೆಯ ಎಂಜಿನ್ನಿಗೆ 6000ವೇ ಗಡಿಯಾಗಿರಲಿ. ಆ ಗಡಿಯೊಳಗೆ ಬ್ಯಾಲೆನ್ಸ್ ಮಾಡಿಸಿದ ಕಾರ್ಖಾನೆಯ ಕ್ರ್ಯಾಂಕು, ರಾಡು, ಹೊಸ ಬೋಲ್ಟುಗಳು ಸಾಕು. 7000 ಮುಟ್ಟುವುದಾದರೆ ಸ್ಟೀಲ್ ರಾಡು, ಫೋರ್ಜ್ ಮಾಡಿದ ಪಿಸ್ಟನ್ನು, ಸ್ಟೀಲ್ ಫ್ಲೈವೀಲು ಬೇಕು. ಎರಕದ ಫ್ಲೈವೀಲನ್ನು ಲೇತಿನಲ್ಲಿ ಕೊರೆದು ಹಗುರ ಮಾಡಿ ಆ ವೇಗಕ್ಕೆ ತಿರುಗಿಸಿದರೆ ಒಡೆದು ಚೂರುಗಳು ಚಾಲಕನ ಕಾಲಿನ ಕಡೆಗೇ ಹಾರುತ್ತವೆ. ರಸ್ತೆಗೆ ಹಗುರ ಮಾಡಿಸುವುದಿದ್ದರೂ ಹೊರ ಅಂಚಿನಿಂದ ತೆಗೆದ ಲೋಹಕ್ಕಷ್ಟೇ ಬೆಲೆ, ನಡುವಿನಿಂದ ತೆಗೆದರೆ ಬಲ ಕಳೆಯುತ್ತದೆ, ಫಲ ಇಲ್ಲ.

ಬೇರಿಂಗ್ ಗ್ಯಾಪ್ ಮೇನಿಗೆ 0.05 ಮಿ.ಮೀ., ಬಿಗ್ ಎಂಡಿಗೆ 0.045. ರೇಸಿಗೆ ಮಿ.ಮೀ.ನ ನೂರನೇ ಒಂದು ಪಾಲು ಹೆಚ್ಚು. ರಿಂಗಿನ ಬಾಯಿ ರಸ್ತೆಗೆ 0.33 ಮಿ.ಮೀ., ರೇಸಿಗೆ 0.40. ಡಬ್ಬಿಯಿಂದ ತೆಗೆದ ರಿಂಗನ್ನು ಅಳೆಯದೆ ಹಾಕಿದರೆ ಬಿಸಿಗೆ ಬಾಯಿ ಕೂಡಿ ಬೋರನ್ನೇ ಗೀರುತ್ತದೆ.

ಟ್ರ್ಯಾಕಿನಲ್ಲಿ ಈ ಎಂಜಿನ್ನುಗಳನ್ನು ಕೊಲ್ಲುವುದು ಹೆಚ್ಚಾಗಿ ಆರ್‌ಪಿಎಂ ಅಲ್ಲ, ಆಯಿಲ್. ದೀರ್ಘ ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಮೂಲೆಗೆ ಏರಿ, ಪಂಪಿನ ಬಾಯಿ ಗಾಳಿ ಕುಡಿಯುತ್ತದೆ. ಒಂದೆರಡು ಸೆಕೆಂಡು ಸಾಕು, ಬಿಗ್ ಎಂಡ್ ಹೋಯಿತು. ಸಂಪಿನೊಳಗೆ ಪಿಕಪ್ಪಿನ ಸುತ್ತ ತಗಡಿನ ಗೋಡೆಗಳನ್ನು ಬೆಸುಗೆ ಹಾಕಿಸಿ, ಆಯಿಲ್ ಕೂಲರಿಗೆ ಥರ್ಮೋಸ್ಟಾಟ್ ಇಡಿ. ಅಂತರರಾಷ್ಟ್ರೀಯ ಮೋಟರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮದಂತೆ 2000 ಸಿಸಿಯೊಳಗಿನ ಕಾರಿಗೆ ಕನಿಷ್ಠ 2 ಲೀಟರಿನ ಆಯಿಲ್ ಕ್ಯಾಚ್ ಟ್ಯಾಂಕೂ (ಉಕ್ಕಿಬಂದ ಆಯಿಲ್ ಹಿಡಿಯುವ ಡಬ್ಬಿ) ಬೇಕು. ಐತಿಹಾಸಿಕ ಕಾರುಗಳ ರೇಸಿಗೆ ಎಫ್‌ಐಎಯ ಅಪೆಂಡಿಕ್ಸ್ ಕೆ ಅನ್ವಯಿಸುತ್ತದೆ. ಆ ಕಾಲದಲ್ಲಿ ಆ ಮಾದರಿಗೆ ಬಳಕೆಯಲ್ಲಿದ್ದ ಭಾಗಗಳಿಗೇ ಅದರಲ್ಲಿ ಮಾನ್ಯತೆ. ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಅಲ್ಯೂಮಿನಿಯಂ ಕ್ರಾಸ್‌ಫ್ಲೋ (ಗಾಳಿ ಒಂದು ಪಕ್ಕ, ಹೊಗೆ ಇನ್ನೊಂದು ಪಕ್ಕ) ಹೆಡ್ಡಿಗೆ ದುಡ್ಡು ಸುರಿಯುವ ಮುಂಚೆ ಆ ಪುಟಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಮೊದಲ ಇಪ್ಪತ್ತು ನಿಮಿಷ

ಕ್ಯಾಮಿನ ಮೂಗುಗಳಿಗೂ ಟ್ಯಾಪೆಟ್ಟಿನ ತಳಕ್ಕೂ ಮಾಲಿಬ್ಡಿನಂ ಪೇಸ್ಟ್ ಬಳಿದಿರಬೇಕು. ಪ್ಲಗ್ ಬಿಚ್ಚಿ ಸ್ಟಾರ್ಟರಿನಲ್ಲೇ ತಿರುಗಿಸಿ ಆಯಿಲ್ ಪ್ರೆಶರ್ ಏರಿದ ಮೇಲೆ ಚಾಲೂ ಮಾಡಿ. ಚಾಲೂ ಆದ ಕೂಡಲೇ 2000–2500ಕ್ಕೆ ಏರಿಸಿ 20 ನಿಮಿಷ ಅಲ್ಲೇ ಹಿಡಿಯಬೇಕು. ಹೊಸ ಎಂಜಿನ್ನೆಂದು ಪ್ರೀತಿಯಿಂದ ಐಡ್ಲಿಂಗಿನಲ್ಲಿ ಬಿಟ್ಟರೆ ಕ್ಯಾಮ್ ಹಾಳು. ಕ್ಯಾಮಿಗೆ ಆಯಿಲ್ ಸಿಗುವುದು ಮುಖ್ಯವಾಗಿ ಕ್ರ್ಯಾಂಕ್ ಎರಚಿದ ಹನಿಗಳಿಂದ, ನಿಧಾನಕ್ಕೆ ತಿರುಗುವಾಗ ಆ ಹನಿ ಅಲ್ಲಿಗೆ ಮುಟ್ಟುವುದಿಲ್ಲ. ಆಯಿಲ್ 20ಡಬ್ಲ್ಯೂ-50 ಇರಲಿ, ಅದೂ ಜಿಂಕ್ ಅಂಶ ಹೆಚ್ಚಿರುವುದು. ಹೊಸ ಕಾರುಗಳ ತೆಳು ಆಯಿಲಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಆ ಅಂಶವನ್ನು ಇಳಿಸಿದ್ದಾರೆ, ಇಂಥ ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನಿಗೆ ಅದು ಆಗಿಬರುವುದಿಲ್ಲ.

ಹೆಡ್ಡಿನ ನಟ್ಟುಗಳನ್ನು 20, 35, 50 ಪೌಂಡ್-ಅಡಿ ಎಂದು ಮೂರು ಸುತ್ತಿನಲ್ಲಿ, ನಡುವಿನಿಂದ ಹೊರಕ್ಕೆ ಬಿಗಿದಿರುತ್ತೀರಿ. ಮೊದಲ 800 ಕಿ.ಮೀ. ಆದ ಮೇಲೆ ಎಂಜಿನ್ ತಣ್ಣಗಿರುವಾಗ ಒಂದೊಂದನ್ನೇ ಕಾಲು ಸುತ್ತು ಸಡಿಲಿಸಿ ಮತ್ತೆ 50ಕ್ಕೆ ತನ್ನಿ. ಸಡಿಲಿಸದೆ ಹಾಗೇ ಟಾರ್ಕ್ ರೆಂಚ್ ಇಟ್ಟರೆ ಎಳೆಗಳ ಘರ್ಷಣೆಯ ಹಿಡಿತವೇ 50 ಎಂದು ತೋರಿಸಿ ಮೋಸ ಮಾಡುತ್ತದೆ. ನಟ್ಟು ಬಿಗಿದ ಮೇಲೆ ಟ್ಯಾಪೆಟ್ ಗ್ಯಾಪ್ ಬದಲಾಗಿರುತ್ತದೆ. ಸ್ಟ್ಯಾಂಡರ್ಡ್ ಕ್ಯಾಮಿಗೆ ತಣ್ಣಗಿರುವಾಗ 15 ಥೌ, ಜೋರು ಕ್ಯಾಮಿಗೆ ಅದರ ಚೀಟಿಯಲ್ಲಿ ಬರೆದಷ್ಟು. ಎಂಟೂ ವಾಲ್ವನ್ನು ಮತ್ತೊಮ್ಮೆ ನೋಡಿ, ಎಕ್ಸಾಸ್ಟಿನ ನಾಲ್ಕು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಗ್ಯಾಪ್ ಇಳಿದಿದೆಯೇ ಎಂದು ತಿಳಿಯುವುದು ಆ ಪುಟದಿಂದಲೇ.